ಬೈಬಲಿನ ಮಹಾತಾತ್ಪರ್ಯ

೧

ಬೈಬಲ್ ಎಂಬ ಹೆಸರು ಗ್ರೀಕ್ ಭಾಷೆಯ 'ಬಿಬ್ಲಿಯ' ಎಂಬ ಶಬ್ದದಿಂದ ಬಂದುದು. ಗ್ರೀಕಿನಲ್ಲಿ ಅದು ನಪುಂಸಕಲಿಂಗದ ಬಹುವಚನ. 'ಪುಸ್ತಕಗಳು' ಎಂದು ಅದರ ಅರ್ಥ. ಮಧ್ಯಯುಗದ ಲ್ಯಾಟಿನಿನಲ್ಲಿ ಅದೇ ಶಬ್ದವು ಸ್ತ್ರೀಲಿಂಗದ ಏಕವಚನವೆಂದು ಗ್ರಹಿಸಲ್ಪಟ್ಟು ರೂಢಿಗೆ ಬಂದಿತು. ವೈಯಾಕರಣರಿಗೆ ಇದು ಸಣ್ಣದೊಂದು ವಚನವ್ಯತ್ಯಯ. ಕ್ರೈಸ್ತ ದೈವಶಾಸ್ತ್ರಕ್ಕಾದರೋ ಮೊದಲ ಪ್ರಶ್ನೆಯೇ ಇದರಲ್ಲಿ ಅಡಗಿದೆ. ಪ್ರೊಟೆಸ್ಟೆಂಟರ ಗಣನೆಯಲ್ಲಿ ೬೬, ರೋಮನ್ ಕಥೋಲಿಕರ ಗಣನೆಯಲ್ಲಿ ೭೩ ಗ್ರಂಥಗಳು. ಹೀಬ್ರೂ, ಅರಮಾಯಿಕ್, ಗ್ರೀಕ್ ಎಂಬ ಮೂರು ಭಾಷೆಗಳು. ಅನೇಕ ಶತಮಾನಗಳ ಅಂತರದಲ್ಲಿ ಬಾಳಿದ ಅನೇಕ ಕರ್ತೃಗಳು. ವಂಶಾವಳಿ, ಧರ್ಮವಿಧಿ, ರಾಜವೃತ್ತಾಂತ, ಕೀರ್ತನೆ, ನೀತಿವಾಕ್ಯ, ಪ್ರಲಾಪ, ಪ್ರೇಮಗೀತ, ಪತ್ರ, ದರ್ಶನ ಇವೆಲ್ಲವೂ ಅದರೊಳಗುಂಟು. ಇಷ್ಟೊಂದು ವಿಜಾತೀಯವಾದ ವಾಕ್ಯರಾಶಿಗೆ ಏಕವಾಕ್ಯತೆಯುಂಟೆ? ಉಂಟಾದರೆ ಆ ಮಹಾತಾತ್ಪರ್ಯವು ಯಾವುದು?

ಈ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದುದಲ್ಲ. ಕ್ರಿ. ಶ. ೧೪೪ರ ಸುಮಾರಿಗೆ ಮಾರ್ಸಿಯನ್ ಎಂಬಾತನು ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆಯಾದ ದೇವರು ಬೇರೆ ಎಂದು ವಾದಿಸಿದನು. ಹಳೆಯ ಒಡಂಬಡಿಕೆಯನ್ನು ಸಂಪೂರ್ಣವಾಗಿ ತ್ಯಜಿಸಿ, ತನ್ನ ಮತಕ್ಕೆ ತಕ್ಕಂತೆ ತಿದ್ದಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಿಕೆಗಳನ್ನೂ ಮಾತ್ರ ಪ್ರಮಾಣವೆಂದು ಸ್ವೀಕರಿಸಿದನು. ರೋಮಿನ ಸಭೆಯು ಅವನನ್ನು ಹೊರಗೆ ಹಾಕಿತು. ಆದರೆ ಅವನು ಎತ್ತಿದ ಸಂಶಯಕ್ಕೆ ಸಮಾಧಾನವನ್ನು ಹೇಳಲೇಬೇಕಾಯಿತು. ಸುಮಾರು ೧೮೦ರಲ್ಲಿ ಲಿಯೋನ್ಸ್ ನಗರದ ಧರ್ಮಾಧ್ಯಕ್ಷನಾಗಿದ್ದ ಐರಿನೇಯಸನು ಪಾಷಂಡಮತಖಂಡನರೂಪವಾದ ಐದು ಭಾಗಗಳ ಗ್ರಂಥವನ್ನು ಬರೆದನು. ಅದರಲ್ಲಿ ಒಂದು ದೃಷ್ಟಾಂತವುಂಟು. ಕುಶಲನಾದ ಶಿಲ್ಪಿಯೊಬ್ಬನು ರತ್ನಗಳನ್ನು ಜೋಡಿಸಿ ಅರಸನ ಪ್ರತಿಮೆಯನ್ನು ಮಾಡಿರುತ್ತಾನೆ. ಮತ್ತೊಬ್ಬನು ಅವೇ ರತ್ನಗಳನ್ನು ಕಿತ್ತು ಬೇರೆ ಕ್ರಮದಲ್ಲಿಟ್ಟು ನಾಯಿಯ ಇಲ್ಲವೆ ನರಿಯ ಆಕಾರವನ್ನು ಮಾಡಿ, ಇದೇ ಅರಸನ ರೂಪವೆಂದು ತೋರಿಸುತ್ತಾನೆ. ರತ್ನಗಳು ಸತ್ಯವೇ, ರೂಪವು ಮಾತ್ರ ಸುಳ್ಳು. ವಾಕ್ಯಗಳು ಒಂದೇ ಆಗಿದ್ದರೂ ತಾತ್ಪರ್ಯವು ಕೆಡಬಹುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹಾಗಾದರೆ ಅರಸನ ರೂಪವಾವುದು, ನರಿಯ ರೂಪವಾವುದು ಎಂದು ನಿರ್ಣಯಿಸುವ ಬಗೆ ಹೇಗೆ? ಐರಿನೇಯಸನು ಅಪೊಸ್ತಲರಿಂದ ಪರಂಪರೆಯಾಗಿ ಬಂದ ವಿಶ್ವಾಸಸೂತ್ರವೇ ಅಳತೆಗೋಲೆಂದನು. ಸಭೆಯೊಳಗಿನವರಿಗೆ ಅದು ಸಾಕು. ಹೊರಗಿನ ವಿಮರ್ಶಕನಿಗೆ ಗ್ರಂಥದೊಳಗಿನಿಂದಲೇ ದೊರೆಯುವ ಲಿಂಗಗಳು ಬೇಕು. ಈ ದೇಶದ ಶಾಸ್ತ್ರಜ್ಞರು ಅಂಥ ಆರು ಲಿಂಗಗಳನ್ನು ಹೇಳಿರುವರು: ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಸಿದ್ಧಾಂತಗಳಲ್ಲಿ ಪರಸ್ಪರ ವಿರೋಧಿಗಳಾದ ಅದ್ವೈತಿಗಳೂ ದ್ವೈತಿಗಳೂ ಈ ಲಿಂಗಗಳನ್ನು ಸಮಾನವಾಗಿ ಅಂಗೀಕರಿಸಿರುವುದು ಗಮನಾರ್ಹ. ತಕ್ಕಡಿಯು ಯಾವ ಹೊಲದ ಧಾನ್ಯವನ್ನಾದರೂ ತೂಗುವಂತೆ ಈ ನ್ಯಾಯವನ್ನು ಅನ್ಯಮತಗ್ರಂಥಕ್ಕೂ ಅನ್ವಯಿಸಬಹುದು. ಮತಗಳ ಸಾಮ್ಯವನ್ನು ಹೇಳುವುದಾಗಲಿ ತಾರತಮ್ಯವನ್ನು ಹೇಳುವುದಾಗಲಿ ಇಲ್ಲಿಯ ಉದ್ದೇಶವಲ್ಲ. ಗ್ರಂಥದ ತಾತ್ಪರ್ಯನಿರ್ಣಯವಷ್ಟೆ ಇಲ್ಲಿಯ ವಿಷಯ.

೨

ಮೊದಲು ಪೂರ್ವಪಕ್ಷಗಳು. ಬೈಬಲಿನ ಸಾರವು ನೀತಿಯೆಂದು ಕೆಲವರ ಮತ: ಹತ್ತು ಆಜ್ಞೆಗಳು, ಪ್ರವಾದಿಗಳ ನ್ಯಾಯಘೋಷ, ಯೇಸುವಿನ ಪರ್ವತಪ್ರಸಂಗ ಇವೇ ಮುಖ್ಯ, ಉಳಿದುದು ಕಥಾವರಣ. ಸತ್ತ ಮೇಲೆ ಆತ್ಮವು ಸ್ವರ್ಗಕ್ಕೆ ಸೇರುವ ಮಾರ್ಗವೇ ಅದರ ಸಾರವೆಂದು ಲೋಕರೂಢಿಯಲ್ಲಿ ಬಹುಮಂದಿ ತಿಳಿದಿರುವರು. ದೇವರನ್ನೂ ನೆರೆಯವನನ್ನೂ ಪ್ರೀತಿಸುವುದೇ ಸಾರವೆಂದು ಅಗಸ್ಟೀನನ ಮತ. ಈ ಎರಡು ಪ್ರೀತಿಗಳನ್ನು ಬೆಳೆಸದ ವ್ಯಾಖ್ಯಾನವು ವ್ಯಾಖ್ಯಾನವೇ ಅಲ್ಲವೆಂದು ಅವನು ಕ್ರೈಸ್ತ ಬೋಧನೆಯನ್ನು ಕುರಿತ ತನ್ನ ಗ್ರಂಥದಲ್ಲಿ ವಿಧಿಸಿರುವನು. ಕ್ರಿಸ್ತನನ್ನು ಮುಂದಿಡುವುದೇ ಪ್ರಮಾಣವೆಂದು ಲೂಥರನ ಮತ. ಆ ಅಳತೆಗೆ ನಿಲ್ಲದೆಂದು ತೋರಿದ ಯಾಕೋಬನ ಪತ್ರಿಕೆಯನ್ನು ಅವನು ೧೫೨೨ರ ಮುನ್ನುಡಿಯಲ್ಲಿ ಹುಲ್ಲಿಗೆ ಹೋಲಿಸಿದನು. ೧೬೪೮ರಲ್ಲಿ ಕೊಕ್ಸೇಯಸನು ಒಡಂಬಡಿಕೆಯ ತತ್ತ್ವದಿಂದಲೇ ಸಮಸ್ತ ದೈವಶಾಸ್ತ್ರವನ್ನು ನಿರೂಪಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ವಾಲ್ಟರ್ ಐಖ್ರೋಟನು ೧೯೩೩ರಿಂದ ಪ್ರಕಟಿಸಿದ ಗ್ರಂಥದಲ್ಲಿ ಹಳೆಯ ಒಡಂಬಡಿಕೆಗೆ ಅದೇ ತತ್ತ್ವವು ಕೇಂದ್ರವೆಂದನು. ಗೆರ್ಹಾರ್ಡ್ ಫಾನ್ ರಾಡನು ೧೯೫೭ರಲ್ಲಿಯೂ ೧೯೬೦ರಲ್ಲಿಯೂ ಹೊರಬಂದ ಎರಡು ಸಂಪುಟಗಳಲ್ಲಿ ಅಂಥ ಒಂದೇ ಕೇಂದ್ರವು ದೊರೆಯದೆಂದೂ, ಪ್ರತಿಯೊಂದು ಪೀಳಿಗೆಯೂ ಹಿಂದಿನ ವೃತ್ತಾಂತವನ್ನು ತನಗಾಗಿ ಮತ್ತೆ ಹೇಳಿಕೊಂಡ ಪರಂಪರೆಗಳೇ ಅಲ್ಲಿರುವುವೆಂದೂ ಪ್ರತಿಪಾದಿಸಿದನು.

ಈ ಮತಗಳಲ್ಲಿ ಒಂದೂ ನಿರಾಧಾರವಲ್ಲ. ಆದರೆ ಗ್ರಂಥದಲ್ಲಿ ಹೇಳಲ್ಪಟ್ಟುದೆಲ್ಲವೂ ಗ್ರಂಥದ ತಾತ್ಪರ್ಯವಾಗದು. ಲಿಂಗಗಳಿಂದಲೇ ವಿಚಾರಿಸಬೇಕು.

೩

ಉಪಕ್ರಮವು ಆದಿಕಾಂಡದ ಮೊದಲ ಮೂರು ಅಧ್ಯಾಯಗಳು. ಉಪಸಂಹಾರವು ಪ್ರಕಟನೆಯ ಕಡೆಯ ಎರಡು ಅಧ್ಯಾಯಗಳು. ಮೊದಲಲ್ಲಿ ಆಕಾಶಭೂಮಿಗಳ ಸೃಷ್ಟಿ. ಕಡೆಯಲ್ಲಿ ನೂತನವಾದ ಆಕಾಶಭೂಮಿಗಳು. ಮೊದಲಲ್ಲಿ ಏದೆನಿನ ತೋಟ, ಅದರೊಳಗಿಂದ ಹೊರಡುವ ನದಿ, ಜೀವವೃಕ್ಷ. ಕಡೆಯಲ್ಲಿಯೂ ನದಿ, ಜೀವವೃಕ್ಷ. ಮೊದಲಲ್ಲಿ ಮನುಷ್ಯನು ಹೊರಗೆ ಹಾಕಲ್ಪಡುವನು. ಜೀವವೃಕ್ಷದ ದಾರಿಗೆ ಕೆರೂಬಿಯರ ಕಾವಲು ಬೀಳುವುದು. ಕಡೆಯಲ್ಲಿ ಪಟ್ಟಣದ ಹೆಬ್ಬಾಗಿಲುಗಳು ಹಗಲೆಲ್ಲ ಮುಚ್ಚುವುದಿಲ್ಲ; ರಾತ್ರಿಯೆಂಬುದು ಅಲ್ಲಿಲ್ಲ; ವೃಕ್ಷದ ಎಲೆಗಳು ಜನಾಂಗಗಳ ವಾಸಿಗೆ ಒದಗುವುವು. ಆದಿಕಾಂಡದಲ್ಲಿ ದೇವರು ತಂಪು ಹೊತ್ತಿನಲ್ಲಿ ತೋಟದಲ್ಲಿ ಸಂಚರಿಸುವನು. ಆ ಸಪ್ಪಳಕ್ಕೆ ಮನುಷ್ಯರು ಮರಗಳ ಮರೆಯಲ್ಲಿ ಅಡಗುವರು. ಪ್ರಕಟನೆಯಲ್ಲಿ ಅವನ ಸೇವಕರು ಅವನ ಮುಖವನ್ನು ಕಾಣುವರು.

ಇಷ್ಟೇ ಆಗಿದ್ದಲ್ಲಿ, ಕಳೆದುಹೋದ ತೋಟವು ಮತ್ತೆ ದೊರೆಯಿತು ಎಂದು ಮುಗಿಸಬಹುದಾಗಿತ್ತು. ಆದರೆ ಎರಡು ವಿಶೇಷಗಳನ್ನು ಕಾಣಬೇಕು. ಒಂದು, ಕಡೆಯಲ್ಲಿರುವುದು ತೋಟವಲ್ಲ, ಪಟ್ಟಣ. ಬೈಬಲಿನಲ್ಲಿ ಮೊದಲು ಪಟ್ಟಣವನ್ನು ಕಟ್ಟಿದವನು ತಮ್ಮನನ್ನು ಕೊಂದ ಕಾಯಿನನು. ಕೊಲೆಗಾರನ ಕೈಯಿಂದ ಆರಂಭವಾದ ಮನುಷ್ಯಕೃತಿಯು ಕಡೆಯಲ್ಲಿ ನಿರಾಕರಿಸಲ್ಪಡದೆ ದೇವರ ವಾಸಸ್ಥಾನವಾಗಿ ಪರಿಣಮಿಸುವುದು. ಜನಾಂಗಗಳ ವೈಭವವನ್ನು ಅದರೊಳಕ್ಕೆ ತರುವರೆಂದೂ ಹೇಳಿದೆ. ನಡುವಣ ಚರಿತ್ರೆಯು ವ್ಯರ್ಥವಾಗಲಿಲ್ಲವೆಂಬುದು ಇದರಿಂದ ಸಿದ್ಧ. ಎರಡು, ಆ ಪಟ್ಟಣವು ಮೇಲಿನಿಂದ ಭೂಮಿಗೆ ಇಳಿದುಬರುವುದು. ಮನುಷ್ಯರು ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋಗುವರೆಂದು ಉಪಸಂಹಾರವು ಹೇಳುವುದಿಲ್ಲ; ದೇವರ ನಿವಾಸವು ಮನುಷ್ಯರ ಬಳಿಗೆ ಬಂದಿತೆಂದು ಘೋಷಿಸುತ್ತದೆ. ಸ್ವರ್ಗಪ್ರಾಪ್ತಿಯೇ ಸಾರವೆಂಬ ರೂಢಿಯ ಪೂರ್ವಪಕ್ಷವು ಇಷ್ಟರಿಂದಲೇ ಶಿಥಿಲವಾಗುವುದು.

೪

ಅಭ್ಯಾಸವೆಂದರೆ ಪುನಃಪುನಃ ಕಥನ. ತಾನು ನಿಮ್ಮ ದೇವರಾಗಿರುವೆನು, ನೀವು ತನ್ನ ಪ್ರಜೆಯಾಗಿರುವಿರಿ, ತಾನು ನಿಮ್ಮ ನಡುವೆ ವಾಸಿಸುವೆನು ಎಂಬ ಅರ್ಥದ ಪ್ರತಿಜ್ಞೆಯು ಈ ಗ್ರಂಥಸಮುದಾಯದಲ್ಲಿ ಆದ್ಯಂತವಾಗಿ ತೋರಿಬರುವುದು. ವಿಮೋಚನಕಾಂಡದಲ್ಲಿ ಗುಡಾರವನ್ನು ಕಟ್ಟಿಸುವುದಕ್ಕೆ ಕೊಡಲ್ಪಟ್ಟ ಕಾರಣವೇ ಇದು. ಯಾಜಕಕಾಂಡದ ೨೬ನೆಯ ಅಧ್ಯಾಯದಲ್ಲಿ ಪ್ರಜೆಯ ನಡುವೆ ಸಂಚರಿಸುವೆನೆಂಬ ಮಾತು ಸೇರಿರುವುದು. ಏದೆನಿನ ಸಂಚಾರವು ಇಲ್ಲಿ ಮರುಕಳಿಸುವುದು. ಹೋಶೇಯನ ಗ್ರಂಥದಲ್ಲಿ ಈ ಪ್ರತಿಜ್ಞೆಯು ತಲೆಕೆಳಗಾಗಿ, ನೀವು ನನ್ನ ಪ್ರಜೆಯಲ್ಲವೆಂಬುದೇ ಪ್ರವಾದಿಯ ಮಗುವಿನ ಹೆಸರಾಗುವುದು; ಮುಂದಿನ ಅಧ್ಯಾಯದಲ್ಲಿಯೇ ಆ ನಿರಾಕರಣವು ಹಿಂತೆಗೆಯಲ್ಪಡುವುದು. ಯೆರೂಸಲೇಮಿನ ದೇವಾಲಯವು ಸುಟ್ಟುಹೋಗಿ ಪ್ರಜೆಯು ಬಾಬಿಲೋನಿಗೆ ಸೆರೆಯಾಗಿ ಹೋದ ಕಾಲಕ್ಕೆ ಸೇರಿದ ಯೆರೆಮೀಯ ಯೆಹೆಜ್ಕೇಲರಲ್ಲಿ ಇದು ಮತ್ತೆ ಬರುವುದು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಇದನ್ನೇ ಅನುವದಿಸುವನು. ಪ್ರಕಟನೆಯ ೨೧ನೆಯ ಅಧ್ಯಾಯದಲ್ಲಿ ಸಿಂಹಾಸನದಿಂದ ಹೊರಡುವ ಮಹಾಧ್ವನಿಯ ಮಾತೂ ಇದೇ.

ಯೋಹಾನನ ಸುವಾರ್ತೆಯ ಉಪೋದ್ಘಾತವನ್ನೂ ಇಲ್ಲಿ ನೋಡಬೇಕು. ವಾಕ್ಯವು ಶರೀರಧಾರಿಯಾಗಿ ಮನುಷ್ಯರ ಮಧ್ಯದಲ್ಲಿ ವಾಸಿಸಿತೆಂದು ಹೇಳುವಲ್ಲಿ ಪ್ರಯುಕ್ತವಾದ ಗ್ರೀಕ್ ಧಾತುವಿಗೆ 'ಗುಡಾರ ಹಾಕಿಕೊಂಡಿರು' ಎಂಬ ಅರ್ಥವುಂಟು. ಪ್ರಕಟನೆಯೂ ಅದೇ ಧಾತುವನ್ನು ಬಳಸಿರುವುದು. ಅರಣ್ಯದ ಗುಡಾರ, ಕ್ರಿಸ್ತನ ಶರೀರ, ಕಡೆಯ ಪಟ್ಟಣ ಈ ಮೂರನ್ನೂ ಒಂದೇ ಪ್ರತಿಜ್ಞೆಯ ಮೂರು ಪರ್ವಗಳಾಗಿ ಕಾಣುವುದೇ ಕ್ರೈಸ್ತವ್ಯಾಖ್ಯಾನದ ಬೆನ್ನೆಲುಬು. ಲೂಥರನ ಕ್ರಿಸ್ತಪರವಾದ ತಾತ್ಪರ್ಯವು ಇದಕ್ಕೆ ವಿರುದ್ಧವಲ್ಲ. ಇದರೊಳಗೆ ಅದಕ್ಕೆ ಸ್ಥಾನವುಂಟು. ಆದರೆ ಕ್ರಿಸ್ತನನ್ನು ಈ ಪ್ರತಿಜ್ಞೆಯಿಂದ ಬಿಡಿಸಿ ಹೇಳಿದಲ್ಲಿ ಮಾರ್ಸಿಯನನ ಪಕ್ಷವು ಹಿಂಬಾಗಿಲಿನಿಂದ ಒಳಹೊಕ್ಕಂತಾಗುವುದು.

೫

ಪ್ರಮಾಣಾಂತರದಿಂದ ತಿಳಿಯದಿರುವುದೇ ಅಪೂರ್ವತೆ. ಜಗತ್ತಿಗೆ ಕರ್ತನೊಬ್ಬನುಂಟೆಂಬುದು ಅಪೂರ್ವವಲ್ಲ. ನೈಯಾಯಿಕರು ಅನುಮಾನದಿಂದಲೇ ಅದನ್ನು ಸಾಧಿಸುವರು. ನೀತಿಯೂ ಅಪೂರ್ವವಲ್ಲ. ೧೯೦೧-೦೨ರಲ್ಲಿ ಸೂಸಾ ನಗರದ ಅಗೆತದಲ್ಲಿ ದೊರೆತ ಹಮ್ಮುರಾಬಿಯ ಶಿಲಾಶಾಸನದಲ್ಲಿ, ಹಾಯುವ ಎತ್ತಿನ ಒಡೆಯನ ಹೊಣೆಯನ್ನು ಹೇಳುವ ವಿಧಿಗಳುಂಟು. ವಿಮೋಚನಕಾಂಡದ ೨೧ನೆಯ ಅಧ್ಯಾಯದ ವಿಧಿಗಳು ಅವನ್ನು ನಿಕಟವಾಗಿ ಹೋಲುತ್ತವೆ. ನೀತಿಯೇ ಮಹಾತಾತ್ಪರ್ಯವೆನ್ನುವವರು, ಅನ್ಯತ್ರ ಸಿದ್ಧವಾದುದನ್ನೇ ತಿಳಿಸುವುದಕ್ಕೆ ಈ ಗ್ರಂಥವು ಪ್ರವೃತ್ತವಾಯಿತೆಂದು ಒಪ್ಪಿದಂತಾಗುವುದು.

ಹಾಗಾದರೆ ಅಪೂರ್ವವಾದುದು ಯಾವುದು? ಆದಿಕಾಂಡದ ೧೫ನೆಯ ಅಧ್ಯಾಯವು ಇದಕ್ಕೆ ಉತ್ತರವನ್ನು ಕೊಡುವುದು. ಅಬ್ರಾಮನು ದೇವರ ಆಜ್ಞೆಯಂತೆ ಪಶುಗಳನ್ನು ಕಡಿದು ಹೋಳುಗಳನ್ನು ಎದುರುಬದುರಾಗಿ ಇಡುವನು. ಇದು ಆ ಪ್ರಾಚೀನ ಕಾಲದ ಶಪಥವಿಧಿ. ಮಾತಿಗೆ ತಪ್ಪಿದರೆ ಈ ಪಶುವಿಗಾದ ಗತಿಯೇ ತನಗಾಗಲಿ ಎಂಬ ಭಾವದಿಂದ ಹೋಳುಗಳ ನಡುವೆ ಹಾದುಹೋಗುವುದು ಅದರ ಕ್ರಮವೆಂಬುದು ಯೆರೆಮೀಯನ ೩೪ನೆಯ ಅಧ್ಯಾಯದಿಂದ ತಿಳಿಯುವುದು. ಇಲ್ಲಿಯಾದರೋ ಅಬ್ರಾಮನಿಗೆ ಗಾಢನಿದ್ರೆ ಕವಿಯುವುದು. ಹೊಗೆಯಾಡುವ ಒಲೆಯೂ ಉರಿಯುವ ದೀವಟಿಗೆಯೂ ಮಾತ್ರ ಹೋಳುಗಳ ನಡುವೆ ಹಾದುಹೋಗುವುವು. ಅಂದರೆ ಶಪಥವನ್ನು ಮಾಡಿದವನು ದೇವರೊಬ್ಬನೇ. ಪ್ರಬಲನಾದವನು ದುರ್ಬಲನಿಂದ ಮಾತು ಪಡೆಯುವುದು ಲೋಕಸಿದ್ಧ. ಪ್ರಬಲನೇ ತನ್ನ ಮೇಲೆ ಶಾಪವನ್ನು ಆಹ್ವಾನಿಸಿಕೊಂಡು ನಿದ್ರಿಸುತ್ತಿರುವ ದುರ್ಬಲನಿಗೆ ಮಾತು ಕೊಡುವುದು ಲೋಕದಲ್ಲಿ ಕಾಣದ ಸಂಗತಿ. ಕ್ರಿಸ್ತನ ಶಿಲುಬೆಯಲ್ಲಿ ಈ ಶಪಥದ ಭಾರವನ್ನು ಶಪಥಮಾಡಿದವನೇ ಹೊತ್ತನೆಂದು ಕ್ರೈಸ್ತವ್ಯಾಖ್ಯಾತೃಗಳಲ್ಲಿ ಹಲವರು ಅರ್ಥೈಸುವರು. ಕ್ರಿಸ್ತನು ಶಾಪವನ್ನು ತನ್ನ ಮೇಲೆ ತೆಗೆದುಕೊಂಡನೆಂಬ ಪೌಲನ ಗಲಾತ್ಯಪತ್ರಿಕೆಯ ಮಾತು ಈ ಅರ್ಥಕ್ಕೆ ಪೋಷಕ.

ಕನ್ನಡ ಭಾಷಾಂತರದ ಒಂದು ಶಬ್ದವನ್ನು ಇಲ್ಲಿಯೇ ವಿಚಾರಿಸುವುದು ಯುಕ್ತ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ನಡೆಸಿದ ಭಾಷಾಂತರಕಾರ್ಯದ ಫಲವಾಗಿ ೧೮೩೧ರಲ್ಲಿ ಸಮಗ್ರ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಇಂದು ಕನ್ನಡ ಬೈಬಲಿನ ಎರಡು ಭಾಗಗಳಿಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬ ಹೆಸರುಗಳು ರೂಢವಾಗಿವೆ. 'ಒಡಂಬಡು' ಎಂದರೆ ಸಮ್ಮತಿಸು. ಈ ಶಬ್ದದಲ್ಲಿ ಇಬ್ಬರ ಒಪ್ಪಿಗೆಯು ಸ್ಫುರಿಸುವುದು. ಸೀನಾಯಿ ಪರ್ವತದಲ್ಲಿ ಪ್ರಜೆಯೆಲ್ಲ ಒಪ್ಪಿ ನುಡಿದ ಸಂದರ್ಭಕ್ಕೆ ಅದು ಅತ್ಯಂತ ಉಚಿತವಾಗಿದೆ. ಆದರೆ ಅಬ್ರಾಮನ ಸಂದರ್ಭದಲ್ಲಿ ಒಪ್ಪುವುದಕ್ಕೆ ಎಚ್ಚರವೇ ಅವನಿಗಿಲ್ಲ. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದ ಪ್ರಾಚೀನರಿಗೂ ಈ ತೊಡಕು ಎದುರಾಯಿತು. ಸಮಾನರ ಕರಾರನ್ನು ಹೇಳುವ 'ಸುಂಥೇಕೆ' ಎಂಬ ಶಬ್ದವು ಗ್ರೀಕಿನಲ್ಲಿದ್ದರೂ ಅವರು ಸಾಮಾನ್ಯವಾಗಿ ಆರಿಸಿಕೊಂಡುದು 'ದಿಯಾಥೇಕೆ' ಎಂಬುದನ್ನು. ಒಬ್ಬನು ತಾನಾಗಿ ಮಾಡುವ ವ್ಯವಸ್ಥೆ, ಮರಣಶಾಸನ ಎಂದು ಅದರ ಅರ್ಥ. ಇಬ್ರಿಯರಿಗೆ ಬರೆದ ಪತ್ರಿಕೆಯ ೯ನೆಯ ಅಧ್ಯಾಯವು ಈ ದ್ವ್ಯರ್ಥವನ್ನು ಉಪಯೋಗಿಸಿಕೊಂಡೇ ವಾದಿಸುವುದು. ಕನ್ನಡದ ಶಬ್ದವನ್ನು ಬದಲಿಸಬೇಕಾಗಿಲ್ಲ. ಆದರೆ 'ಒಡಂಬಡಿಕೆ'ಯೊಳಗೆ 'ಕೊಟ್ಟ ಮಾತು' ಎಂಬ ಅರ್ಥವನ್ನೂ ಸೇರಿಸಿಕೊಂಡು ಓದಬೇಕು. ಕೊಕ್ಸೇಯಸ್ ಐಖ್ರೋಟರ ಪಕ್ಷವು ಈ ಅರ್ಥದಲ್ಲಿ ಬಲವತ್ತರವಾಗುವುದು: ಒಡಂಬಡಿಕೆಯು ಸಾಧನ, ಸಹವಾಸವು ಸಾಧ್ಯ.

೬

ಫಲವಾವುದು? ಅಬ್ರಹಾಮನಿಗೆ ವಾಗ್ದತ್ತವಾದುವು ಸಂತತಿಯೂ ದೇಶವೂ, ಅವನ ಮೂಲಕ ಭೂಮಿಯ ಸಮಸ್ತ ಕುಲಗಳಿಗೆ ಆಶೀರ್ವಾದವೂ. ಐಗುಪ್ತದ ದಾಸರಿಗೆ ದೊರೆತುದು ಬಿಡುಗಡೆ. ಸೆರೆಯವರಿಗೆ ಸ್ವದೇಶಕ್ಕೆ ಪುನರಾಗಮನ. ಯೇಸುವು ಬೋಧಿಸಿದುದು ದೇವರ ರಾಜ್ಯವು ಸಮೀಪಿಸಿತೆಂಬುದನ್ನು; ಅವನು ಕಲಿಸಿದ ಪ್ರಾರ್ಥನೆಯೂ ಆ ರಾಜ್ಯವು ಇಲ್ಲಿಗೆ ಬರಲೆಂದೇ ಕೇಳುವುದು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೫ನೆಯ ಅಧ್ಯಾಯದಲ್ಲಿ ಹೇಳುವುದು ಶರೀರವಿಯೋಗವನ್ನಲ್ಲ, ಶರೀರದ ಪುನರುತ್ಥಾನವನ್ನು. ಹೀಗಾಗಿ ಸಂಸಾರದಿಂದ ಬಿಡುಗಡೆಯೆಂಬ ಅರ್ಥದ ಮೋಕ್ಷವನ್ನು ಈ ಗ್ರಂಥದ ಫಲವೆಂದು ಭಾವಿಸುವುದು ತಪ್ಪು. ಇಲ್ಲಿಯ ಫಲವು ಕಣ್ಣೀರಿಲ್ಲದ, ಮರಣವಿಲ್ಲದ, ಆದರೆ ಜನರೂ ಬೀದಿಯೂ ಹಣ್ಣೂ ಉಳ್ಳ ಲೋಕ.

೭

ಅರ್ಥವಾದದ ಬಗೆಗೆ ವಿಶೇಷವಾದ ಎಚ್ಚರಿಕೆ ಬೇಕು. ಪ್ರಶಂಸೆಯೂ ನಿಂದೆಯೂ ಪ್ರಧಾನಾರ್ಥಕ್ಕೆ ಅಂಗಗಳಾಗಿ ನಿಲ್ಲಬೇಕು, ಸ್ವತಂತ್ರವಾಗಿ ವಿಧಿಗಳಾಗಬಾರದು. ಯೆಹೋಶುವನ ಗ್ರಂಥದ ಸಂಹಾರಕಥೆಗಳನ್ನೂ, ಕುಡಿದು ಮಲಗಿದ್ದ ನೋಹನು ಎಚ್ಚೆತ್ತು ಕಾನಾನನಿಗೆ ಕೊಟ್ಟ ಶಾಪವನ್ನೂ ಪ್ರಧಾನವಿಧಿಗಳೆಂದು ಎತ್ತಿಕೊಂಡವರಿಂದ ಆದ ಅನರ್ಥಕ್ಕೆ ಚರಿತ್ರೆಯೇ ಸಾಕ್ಷಿ. ಆಫ್ರಿಕದವರ ದಾಸ್ಯಕ್ಕೆ ಆ ಶಾಪವೇ ಸಮರ್ಥನೆಯೆಂದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಧರ್ಮಪೀಠಗಳಿಂದಲೇ ಬೋಧಿಸಲಾಯಿತು.

ಅಂಗವನ್ನು ಪ್ರಧಾನ ಮಾಡುವುದಕ್ಕಿಂತಲೂ ಮುಂದುವರಿದ ಒಂದು ಉದಾಹರಣೆಯುಂಟು. ೧೮೦೭ರಲ್ಲಿ ಲಂಡನಿನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸಿನ ದಾಸರ ಉಪಯೋಗಕ್ಕೆಂದು ಬೈಬಲಿನ ಆಯ್ದ ಭಾಗಗಳ ಒಂದು ಪುಸ್ತಕವನ್ನು ಅಚ್ಚುಹಾಕಿದರು. ಪ್ರೊಟೆಸ್ಟೆಂಟ್ ಬೈಬಲಿನ ೧,೧೮೯ ಅಧ್ಯಾಯಗಳಲ್ಲಿ ಅದರಲ್ಲಿ ಉಳಿದುವು ೨೩೨ ಮಾತ್ರ. ಯೋಸೇಫನು ದಾಸನಾಗಿ ಮಾರಲ್ಪಟ್ಟ ಕಥೆಯುಂಟು. ದಾಸರ ಪ್ರಜೆಯು ಐಗುಪ್ತದಿಂದ ಬಿಡುಗಡೆ ಹೊಂದಿದ ಕಥೆಯಿಲ್ಲ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಎಫೆಸಪತ್ರಿಕೆಯ ಮಾತುಂಟು. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂಬ ಗಲಾತ್ಯಪತ್ರಿಕೆಯ ಮಾತಿಲ್ಲ. ಉಳಿಸಿಕೊಂಡ ಒಂದೊಂದು ವಾಕ್ಯವೂ ಬೈಬಲಿನದೇ. ಐರಿನೇಯಸನ ದೃಷ್ಟಾಂತದಲ್ಲಿ ರತ್ನಗಳನ್ನು ಸ್ಥಳಾಂತರಿಸಲಾಗಿತ್ತು. ಇಲ್ಲಿ ಬೇಡವಾದುವನ್ನು ತೆಗೆದೇಹಾಕಲಾಯಿತು. ಅಭ್ಯಾಸಲಿಂಗವನ್ನು ಕತ್ತರಿಸದೆ ಈ ಗ್ರಂಥದಿಂದ ದಾಸ್ಯದ ತಾತ್ಪರ್ಯವನ್ನು ಹೊರಡಿಸಲಾಗದೆಂದು ಸಂಗ್ರಾಹಕರಿಗೆ ತಿಳಿದಿತ್ತೆಂದೇ ಊಹಿಸಬೇಕಾಗುವುದು. ಮಹಾತಾತ್ಪರ್ಯದ ಬಲವನ್ನು ಅದರ ವಿರೋಧಿಗಳೇ ಹೀಗೆ ಸಾಧಿಸಿಕೊಟ್ಟಂತಾಯಿತು.

೮

ಕಡೆಯದು ಉಪಪತ್ತಿ. ಇಲ್ಲಿ ಮೂರು ಆಕ್ಷೇಪಗಳು ಏಳುವುವು.

ಮೊದಲನೆಯದು: ಯೋಬನೂ ಪ್ರಸಂಗಿಯೂ ಈ ತಾತ್ಪರ್ಯಕ್ಕೆ ಒಗ್ಗುವುದಿಲ್ಲ. ನಿರಪರಾಧಿಯಾದ ಯೋಬನು ದೇವರ ಮೇಲೆಯೇ ವ್ಯಾಜ್ಯವನ್ನು ಹೂಡುವನು. ಪ್ರಸಂಗಿಯು ಎಲ್ಲವೂ ವ್ಯರ್ಥವೆನ್ನುವನು. ಇದಕ್ಕೆ ಸಮಾಧಾನ: ಯೋಬನ ಗ್ರಂಥದ ಕಡೆಯಲ್ಲಿ ದೇವರು, ತನ್ನ ಪಕ್ಷವನ್ನೇ ವಹಿಸಿ ಮಾತಾಡಿದ ಸ್ನೇಹಿತರ ಮೇಲೆ ಕೋಪಗೊಂಡು, ದೂರಿದ ಯೋಬನೇ ಯುಕ್ತವಾದುದನ್ನು ಆಡಿದನೆನ್ನುವನು. ಕೊಟ್ಟ ಮಾತು ಇರುವಲ್ಲಿ ಮಾತ್ರ ದೂರುವ ಅಧಿಕಾರವೂ ಇರುವುದು. ಆದುದರಿಂದ ಯೋಬನ ದೂರು ಒಡಂಬಡಿಕೆಯ ಹೊರಗಿನದಲ್ಲ. ಪ್ರಸಂಗಿಯ ನಿರಾಶೆಯಾದರೋ ಹಾಗೆ ಸುಲಭವಾಗಿ ಅಡಗುವುದಿಲ್ಲ. ಅದನ್ನು ಬಲವಂತದಿಂದ ಅಡಗಿಸುವುದೂ ಸಲ್ಲದು. ಎರಡನೆಯ ಶತಮಾನದಲ್ಲಿ ತೇಷಿಯನನು ನಾಲ್ಕು ಸುವಾರ್ತೆಗಳನ್ನು ಒಂದಾಗಿ ಹೆಣೆದನು. ಸಿರಿಯಾ ದೇಶದ ಸಭೆಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಐದನೆಯ ಶತಮಾನದಲ್ಲಿ ಥಿಯೊಡೊರೆಟನೆಂಬ ಧರ್ಮಾಧ್ಯಕ್ಷನು ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ ಪ್ರತ್ಯೇಕವಾದ ನಾಲ್ಕನ್ನೇ ಇರಿಸಿದನು. ಸಭೆಯು ಏಕವಾಕ್ಯತೆಯನ್ನು ಬಯಸಿತು. ಒಂದೇ ಕಂಠವನ್ನು ಬಯಸಲಿಲ್ಲ. ಫಾನ್ ರಾಡನ ಆಕ್ಷೇಪದಲ್ಲಿ ಗ್ರಾಹ್ಯವಾದ ಅಂಶವು ಇದು.

ಎರಡನೆಯದು: ಉಪಸಂಹಾರವೇ ಉಗ್ರವಾಗಿದೆ. ಪ್ರಕಟನೆಯಲ್ಲಿ ಬೆಂಕಿಯ ಕೆರೆಯುಂಟು. ಪಟ್ಟಣದ ಹೊರಗೆ ಉಳಿದವರುಂಟು. ಎಲ್ಲರೊಡನೆ ಸಹವಾಸವೆಂಬುದು ಹೇಗೆ ಸಂಗತವಾದೀತು? ಇಲ್ಲಿ ಕ್ರೈಸ್ತರಲ್ಲಿಯೇ ಐಕಮತ್ಯವಿಲ್ಲ. ಕಡೆಗೆ ಸರ್ವವೂ ದೇವರಲ್ಲಿ ಸಮಾಧಾನವನ್ನು ಹೊಂದುವುದೆಂದು ಮೂರನೆಯ ಶತಮಾನದ ಓರಿಜೆನನು ಆಶಿಸಿದನು. ಅಗಸ್ಟೀನನು ಅದನ್ನು ಖಂಡಿಸಿದನು. ಹೊರಗುಳಿಯುವವರ ಪಟ್ಟಿಯಲ್ಲಿ ಕೊಲೆಗಾರರೂ ಸುಳ್ಳನ್ನು ಪ್ರೀತಿಸುವವರೂ ಸೇರಿರುವುದನ್ನು ಮಾತ್ರ ಇಲ್ಲಿ ಗಮನಿಸಬಹುದು. ಪೀಡಿಸುವವರನ್ನು ಹಾಗೆಯೇ ಇರಿಸಿಕೊಂಡ ಊರಿನಲ್ಲಿ ಪೀಡಿತರ ಕಣ್ಣೀರು ಒರಸಲ್ಪಡುವುದಿಲ್ಲವಷ್ಟೆ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗುರುತರ. ಉಪಸಂಹಾರವೆಂದು ಕರೆದುದು ಯಾರ ಉಪಸಂಹಾರ? ಕ್ರೈಸ್ತರು ಹಳೆಯ ಒಡಂಬಡಿಕೆಯೆನ್ನುವ ಗ್ರಂಥಗಳು ಯೆಹೂದ್ಯರಿಗೆ ಪೂರ್ಣವಾದ ವೇದ. ಅವರ ಗಣನೆಯಲ್ಲಿ ಅವು ೨೪; ಧರ್ಮಶಾಸ್ತ್ರ, ಪ್ರವಾದಿಗಳು, ಲೇಖನಗಳು ಎಂದು ಮೂರು ವಿಭಾಗ. ಅಚ್ಚಿನ ಪ್ರತಿಗಳಲ್ಲಿ ಸಾಮಾನ್ಯವಾಗಿ ಕಡೆಯದು ಪೂರ್ವಕಾಲವೃತ್ತಾಂತ. ಪಾರಸಿಯ ಅರಸನಾದ ಕೋರೆಷನು ಯೆರೂಸಲೇಮಿನಲ್ಲಿ ಆಲಯವನ್ನು ಕಟ್ಟಿಸುವುದಕ್ಕಾಗಿ, ಹೋಗಬಯಸುವವರು ಗಟ್ಟಾ ಹತ್ತಿ ಹೋಗಬಹುದೆಂದು ಸಾರಿದ ಡಂಗುರದಲ್ಲಿ ಅದು ಮುಗಿಯುವುದು. ಕ್ರೈಸ್ತರ ಕ್ರಮದಲ್ಲಿ ಕಡೆಯದು ಮಲಾಕಿಯ; ಎಲೀಯನು ಬರುವನೆಂಬ ನಿರೀಕ್ಷೆಯಲ್ಲಿ ಮುಗಿಯುವುದು; ಪುಟವನ್ನು ತಿರುವಿದೊಡನೆ ಸುವಾರ್ತೆಗಳಲ್ಲಿ ಸ್ನಾನಿಕನಾದ ಯೋಹಾನನು ಎಲೀಯನ ಶಕ್ತಿಯಿಂದ ಬರುವನು. ಗ್ರಂಥಗಳು ಬಹುಮಟ್ಟಿಗೆ ಅವೇ. ಕ್ರಮವು ಬೇರೆಯಾಗಲು, ಒಂದು ಸಂಗ್ರಹವು ಊರಿಗೆ ಮರಳುವ ಪ್ರಜೆಯ ಕಡೆಗೆ ನೋಡುವುದು, ಮತ್ತೊಂದು ಬರಲಿರುವ ಪುರುಷನ ಕಡೆಗೆ ನೋಡುವುದು. ಆದುದರಿಂದ ಕ್ರೈಸ್ತರ ಮಹಾತಾತ್ಪರ್ಯವು ಕ್ರೈಸ್ತರ ಗ್ರಂಥಸಮುದಾಯದ ತಾತ್ಪರ್ಯವೇ ಹೊರತು ಹೀಬ್ರೂ ಗ್ರಂಥಗಳ ಏಕೈಕ ತಾತ್ಪರ್ಯವೆನ್ನಲಾಗದು.

ಕ್ರೈಸ್ತಸಭೆಯು ಈ ವಿವೇಕವನ್ನು ಬಹುಕಾಲ ಮರೆಯಿತು. ದೇವರು ಇಸ್ರಾಯೇಲನ್ನು ತ್ಯಜಿಸಿ ಸಭೆಯನ್ನು ಅದರ ಸ್ಥಾನದಲ್ಲಿಟ್ಟನೆಂಬ ಬೋಧನೆಯು ಶತಮಾನಗಳವರೆಗೆ ನಡೆಯಿತು. ಯುರೋಪಿನಲ್ಲಿ ಯೆಹೂದ್ಯರು ಅನುಭವಿಸಿದ ಹಿಂಸೆಗೆ ಅದು ನೆಲವನ್ನು ಹದಮಾಡಿತು. ಪೌಲನಾದರೋ ರೋಮಾಪುರದವರಿಗೆ ಬರೆದ ಪತ್ರಿಕೆಯ ೧೧ನೆಯ ಅಧ್ಯಾಯದಲ್ಲಿ, ದೇವರು ಕೊಟ್ಟ ವರಗಳೂ ಕರೆಯೂ ಹಿಂತೆಗೆಯಲ್ಪಡುವುದಿಲ್ಲವೆಂದು ಸ್ಪಷ್ಟವಾಗಿ ಬರೆದಿರುವನು. ೧೯೬೫ರ ಅಕ್ಟೋಬರ್ ೨೮ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತೇತರ ಮತಗಳನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ ಇದೇ ಅಧ್ಯಾಯವನ್ನು ಆಧಾರವಾಗಿಟ್ಟುಕೊಂಡು, ಯೆಹೂದ್ಯರು ದೇವರಿಂದ ತ್ಯಕ್ತರೆಂದು ಹೇಳಬಾರದೆಂದಿತು. ತರ್ಕದಿಂದ ನೋಡಿದರೂ ಇದು ಅನಿವಾರ್ಯ. ಅಬ್ರಹಾಮನಿಗೆ ಕೊಟ್ಟ ಮಾತನ್ನು ದೇವರು ಮುರಿಯಬಲ್ಲನಾದರೆ, ಹೊಸ ಒಡಂಬಡಿಕೆಯ ಮಾತೂ ಮುರಿಯಬಲ್ಲುದೇ. ಹಳೆಯದನ್ನು ಅಲ್ಲಗಳೆದವನು ಹೊಸದರ ಬುಡವನ್ನೇ ಕಡಿದಂತಾಗುವುದು. ಮಾರ್ಸಿಯನನ ದೋಷವೂ ಇದೇ. ಅವನನ್ನು ಖಂಡಿಸಿದವರ ಸಂತತಿಯಲ್ಲಿ ಉಳಿದುಬಂದ ದೋಷವೂ ಇದೇ.

೯

ಇಂತು ಆರು ಲಿಂಗಗಳಿಂದ ನಿಷ್ಪನ್ನವಾಗುವ ಅರ್ಥವನ್ನು ಸಂಗ್ರಹಿಸಬಹುದು. ಸೃಷ್ಟಿಕರ್ತನು ತಾನಾಗಿ ಕೊಟ್ಟ ಮಾತಿಗೆ ತಾನೇ ಕಟ್ಟುಬಿದ್ದು, ಅದನ್ನು ಮುರಿದ ಮನುಷ್ಯರ ನಡುವೆ, ಇದೇ ಭೂಮಿಯಲ್ಲಿ, ಸಮಸ್ತ ಜನಾಂಗಗಳೊಡನೆ ವಾಸಿಸುವುದಕ್ಕೆ ಬರುವನು ಎಂಬುದೇ ಕ್ರೈಸ್ತ ಬೈಬಲಿನ ಮಹಾತಾತ್ಪರ್ಯ. ನೀತಿಯು ಆ ಸಹವಾಸಕ್ಕೆ ತಕ್ಕ ನಡತೆ. ಪ್ರೀತಿಯು ಅದರ ಸ್ವರೂಪ. ಕ್ರಿಸ್ತನ ಜನನ ಮರಣ ಪುನರುತ್ಥಾನಗಳು ಕ್ರೈಸ್ತರ ಪಾಲಿಗೆ ಅದರ ಮಧ್ಯಸ್ತಂಭ. ಸ್ವರ್ಗವು ಆ ನಿವಾಸವು ಹೊರಡುವ ಸ್ಥಳ. ಪೂರ್ವಪಕ್ಷಗಳೆಲ್ಲವೂ ಹೀಗೆ ಅಂಗಗಳಾಗಿ ಸೇರುವುವು. ಯಾವುದೊಂದೂ ತಾನೇ ಅಂಗಿಯಾಗಲಾರದು.

ಈ ನಿರ್ಣಯದಿಂದ ಆ ಮಾತು ಸತ್ಯವೆಂದು ಸಾಧಿಸಿದಂತಾಗಲಿಲ್ಲ. ತಾತ್ಪರ್ಯನಿರ್ಣಯವು ವಿಮರ್ಶಕನ ಕೆಲಸ. ಆ ತಾತ್ಪರ್ಯದಲ್ಲಿ ಶ್ರದ್ಧೆಯಿಡುವುದು ಬಿಡುವುದು ಓದುವವನ ಅಧಿಕಾರ. ಆದರೆ ಬೈಬಲಿನ ಹೆಸರಿನಲ್ಲಿ ಯಾರು ಏನನ್ನು ಹೇಳಿದರೂ ಒರೆಹಚ್ಚಿ ನೋಡುವುದಕ್ಕೆ ಒಂದು ಕಲ್ಲು ಇದರಿಂದ ದೊರೆಯುವುದು. ದಾಸನಿಗೆ ಅವನ ಬಿಡುಗಡೆಯ ಕಥೆಯನ್ನು ಮರೆಮಾಡುವ ವ್ಯಾಖ್ಯಾನ, ಮೊದಲು ಮಾತು ಪಡೆದ ಪ್ರಜೆಯನ್ನು ಹೊರಗೆ ತಳ್ಳುವ ವ್ಯಾಖ್ಯಾನ, ಭೂಮಿಯನ್ನು ತೊರೆದು ಹೋಗುವುದೇ ಪುರುಷಾರ್ಥವೆನ್ನುವ ವ್ಯಾಖ್ಯಾನ, ಇವು ಗ್ರಂಥದ ವಾಕ್ಯಗಳಿಂದಲೇ 
ರಚಿತವಾಗಿದ್ದರೂ ಗ್ರಂಥದ ತಾತ್ಪರ್ಯಕ್ಕೆ ವಿರುದ್ಧ. ಆದಿಕಾಂಡದ ಮೊದಲ ಮೂರು ಅಧ್ಯಾಯಗಳನ್ನೂ ಪ್ರಕಟನೆಯ ಕಡೆಯ ಎರಡು ಅಧ್ಯಾಯಗಳನ್ನೂ ಒಂದೇ ದಿನ ಕುಳಿತು ಓದಿದವರಿಗೆ ಈ ವಿರೋಧವು ತಾನಾಗಿಯೇ ಗೋಚರಿಸುವುದು.